ಹುಣಸೆಹಣ್ಣಿನಿಂದ ತಿಕ್ಕಿದ ಟ್ಯಾಂಕು

ನೀರಿನ ಟ್ಯಾಂಕು ತೊಳೆಯುವುದರಲ್ಲಿ ನನ್ನನ್ನು ಮೀರಿಸುವವರು ಆಗ ಕಲಬುರಗಿಯಲ್ಲಿ ಯಾರೂ ಇರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವುದಿಲ್ಲ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಕಪನೂರಿನ ಗ್ಯಾರೇಜುಗಳಲ್ಲಿ ಹದಿನೈದು ವರ್ಷ ಗ್ರೀಸು ಮೆತ್ತಿಕೊಂಡು ದುಡಿದ ಮೇಲೆ, ಎಂಬತ್ತರ ದಶಕದ ಕೊನೆಯಲ್ಲಿ, ಒಂದು ಧರ್ಮಾಸ್ಪತ್ರೆಯ ಗಾಡಿಯ ಮೇಲೆ ಕೆಲಸ ಸಿಕ್ಕಿತು.

ಗಾಡಿ ಅಂದರೆ ಹಳೆಯ ಬಸ್ಸು. ಸೀಟು ಕಿತ್ತು ಒಳಗೆ ಎರಡು ಮಂಚ, ಸ್ಟವ್ ಇಡಲು ಒಂದು ಕಟ್ಟೆ, ಔಷಧದ ಕಪಾಟು ಮಾಡಿದ್ದರು. ಒಂದು ಊರಿಗೆ ಹೋದರೆ ಮೂರು ದಿನ ಅಲ್ಲೇ ಬಿಡಾರ. ಡಾಕ್ಟರ್ ಬಾಯಿಯವರೂ ನರ್ಸೂ ಒಳಗೆ ಮಲಗುತ್ತಿದ್ದರು, ಡ್ರೈವರ್ ಚಾಚಾ ಮತ್ತು ನಾನು ಹೊರಗೆ. ಒಂದು ಮಂಚದ ಅಡಿಯಲ್ಲಿ ಸತುವಿನ ಲೇಪದ ತಗಡಿನ ನೀರಿನ ಟ್ಯಾಂಕಿತ್ತು. ಅದರ ನಳ ಗಾಡಿಯ ಹೊರಮೈಗೆ ಬಂದಿತ್ತು. ಅಡುಗೆಗೂ ಅದೇ ನೀರು, ರೋಗಿಗಳು ಗುಳಿಗೆ ನುಂಗುವುದಕ್ಕೂ ಅದೇ. ಮೊದಲ ಗುಳಿಗೆಯನ್ನು ನರ್ಸಿನ ಎದುರೇ ನುಂಗಬೇಕೆಂದು ಬಾಯಿಯವರ ಕಟ್ಟಪ್ಪಣೆ. ಮನೆಗೆ ಒಯ್ದರೆ ಜನ ಗೂಡಿನಲ್ಲಿಟ್ಟು ಮರೆತುಬಿಡುತ್ತಿದ್ದರು.

"ನೀರು ನಿಂದು" ಎಂದರು ಬಾಯಿಯವರು, ಮೊದಲ ದಿನವೇ. "ಒಂದು ವರ್ಷ ನೋಡ್ತೀನಿ. ನೀರಿನ ಬಗ್ಗೆ ಯಾವ ಊರಿಂದನೂ ದೂರು ಬರಬಾರದು. ಬರಲಿಲ್ಲಂದ್ರ ನಿನ್ನ ಖಾಯಂ ಮಾಡ್ರಿ ಅಂತ ನಾನೇ ಬರದು ಕೊಡ್ತೀನಿ."

ಖಾಯಂ ಅಂದರೆ ಬೆಳಿಗ್ಗೆ ಎದ್ದು ಇವತ್ತು ಕೆಲಸ ಇದೆಯೋ ಇಲ್ಲವೋ ಎಂದು ಯಾರ ಮುಖವನ್ನೂ ನೋಡಬೇಕಾಗಿಲ್ಲ. ನಮ್ಮ ಕೇರಿಯಲ್ಲಿ ಅಂಥವರು ಒಬ್ಬರೋ ಇಬ್ಬರೋ ಇದ್ದರು. ಅವರು ನಡೆಯುವ ರೀತಿಯೇ ಬೇರೆ ಇತ್ತು.

ಬಾಯಿಯವರು ಕೆಲಸ ಕಲಿಸಿಕೊಟ್ಟರು. ಟ್ಯಾಂಕು ಪೂರಾ ಖಾಲಿ ಮಾಡು. ಬ್ರಶ್ಶಿನಿಂದ ತಿಕ್ಕಿ ತೊಳೆ. ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ ಬಿಡು, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಿ, ಬಾಯಿಮಟ ನೀರು ತುಂಬು. ನಳ ತಿರುಗಿಸಿ ವಾಸನೆ ಬರುವವರೆಗೆ ಹರಿಸು, ಪೈಪಿನೊಳಗೂ ಅದು ಹೋಗಬೇಕು. ಮರುದಿನ ಎಲ್ಲ ಚೆಲ್ಲಿ, ವಾಸನೆ ಹೋಗುವ ತನಕ ಜಾಲಿಸು. ನಾನು ಒಂದು ಮಾತೂ ತಪ್ಪುತ್ತಿರಲಿಲ್ಲ. ಪೌಡರ್ ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಕಸುವು ಹೋಗಿರುತ್ತದೆಂದು ಅಂಗಡಿಗೆ ವಾಪಸ್ ಕೊಟ್ಟು ಬರುತ್ತಿದ್ದೆ.

ಎರಡನೆಯ ತಿಂಗಳು ಕಮಲಾಪುರದಲ್ಲಿ ಕ್ಯಾಂಪು. ಬೆಳಿಗ್ಗೆ ಹಿಂದಿನ ದಿನದ ಪೌಡರ್ ನೀರು ಚೆಲ್ಲಿ, ಮಂಚದ ಹಲಗೆ ಎತ್ತಿ, ಟ್ಯಾಂಕಿನೊಳಗೆ ಸೊಂಟದವರೆಗೆ ಇಳಿದು ಮೂಲೆ ತಿಕ್ಕುತ್ತಿದ್ದೆ. ಕಾಲು ಮಾತ್ರ ಹೊರಗೆ. ಹಿಂದಿನಿಂದ ಹೆಂಗಸಿನ ದನಿ ಬಂತು.

"ಬಾಯಾರ, ನಿಮ್ಮ ಕುಡಿಯೋ ನೀರಿನ್ಯಾಗ ಯಾರದೋ ಕಾಲು ಕಾಣಾಕತ್ತಾವಲ್ಲರೀ!"

ಎಲ್ಲರೂ ನಕ್ಕರು. ನಾನೂ ನಗುತ್ತ ಹೊರಗೆ ಬಂದೆ. ಒಬ್ಬ ಮುದುಕಿ, ಕೈಯಲ್ಲಿ ಚೀಟಿ ಹಿಡಿದು ಮೊದಲ ನಂಬರಿಗೆ ನಿಂತಿದ್ದಳು.

"ಯಾವೂರಪ್ಪಾ ನಿಂದು?"

"ಕಲಬುರ್ಗಿನೇ, ಆಯಿ."

"ಅಲ್ಲಿ ಯಾರ ಪೈಕಿ?"

ಸುಳ್ಳು ಹೇಳಬಹುದಿತ್ತು. ಹೇಳುವ ಜಾತಿಯ ಮನುಷ್ಯ ನಾನಲ್ಲ. "ಕೇರಿಯವರು" ಎಂದೆ. ಮುದುಕಿ "ಹೌದಾ" ಎಂದಳು, ಅಷ್ಟೇ. ಒಂದು ಕೆಟ್ಟ ಮಾತೂ ಆಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಾಲಿನಲ್ಲಿ ನಿಂತವರ ಕೈಯಲ್ಲೆಲ್ಲ ಮನೆಯಿಂದ ತಂದ ತಂಬಿಗೆಗಳಿದ್ದವು. ಯಾಕೆ ಎಂದು ನರ್ಸು ಕೇಳಿದರೆ ಒಬ್ಬ, "ನಿಮ್ಮ ನೀರು ಪೌಡರ್ ವಾಸನಿ ಹೊಡೀತಾದ್ರೀ" ಎಂದ. ಇನ್ನೊಬ್ಬ, "ಟ್ಯಾಂಕಿನೊಳಗ ಬಿಳಿ ಬಿಳಿ ಏನೋ ಹತ್ಯಾದ" ಎಂದ. ಬಾಯಿಯವರು ಕೇಳಿಸಿಕೊಂಡರು, ನನ್ನ ಕಡೆ ನೋಡಲಿಲ್ಲ.

"ಮನಸಿಗೆ ಹಚ್ಕೋಬ್ಯಾಡ ಬೇಟಾ" ಎಂದರು ಚಾಚಾ. "ಅವರು ನೀರು ನೋಡಿ ಹೇಳಿದ್ದಲ್ಲ."

ನನಗೂ ಗೊತ್ತಿತ್ತು. ಆದರೆ ಬಿಳಿ ಕಲೆ ಇದ್ದದ್ದೂ ನಿಜ. ಅದೊಂದು ಹೋದರೆ ಅವರಿಗೆ ಹೇಳಲು ಏನೂ ಉಳಿಯುವುದಿಲ್ಲ ಅಂದುಕೊಂಡೆ. ನಮ್ಮವ್ವನ ಬಳಿ ಒಂದು ತಾಮ್ರದ ಕೊಡವಿತ್ತು. ದಿನಾ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಹೊಸ್ತಿಲ ಬದಿಗೆ ಇಡುತ್ತಿದ್ದಳು, ಹಾದುಹೋಗುವವರಿಗೆ ಕಾಣಲೆಂದು. ನಮ್ಮ ಮನೆಯೊಳಗೆ ಯಾರೂ ಬರದಿದ್ದರೂ ಕೊಡದ ಹೊಳಪನ್ನು ಎಲ್ಲರೂ ನೋಡಿದ್ದರು.

ಕಲಬುರಗಿಗೆ ಮರಳಿದ್ದೇ ನೆಹರು ಗಂಜಿನ ಪೇಟೆಗೆ ಹೋಗಿ ಹಳೆಯ ಹುಣಸೆಹಣ್ಣು ತಂದೆ. ನೆನೆಸಿ, ಇಟ್ಟಂಗಿ ಪುಡಿ ಕಲಸಿ, ಟ್ಯಾಂಕಿನ ಒಳಗೆಲ್ಲ ಮೆತ್ತಿ ಬಿಟ್ಟೆ.

"ಏನ್ ಟ್ಯಾಂಕಿನ್ಯಾಗ ಸಾರು ಮಾಡಾಕತ್ತೀ ಏನೋ?" ಎಂದು ಚಾಚಾ ನಕ್ಕರು. "ಒಂದಿಷ್ಟು ಬೆಲ್ಲನೂ ಹಾಕು."

ನಾರಿನಿಂದ ತಿಕ್ಕಿ ತೊಳೆದಾಗ ಟ್ಯಾಂಕು ಹೊಸ ತಾಟಿನಂತೆ ಹೊಳೆಯಿತು. ಚಾಚಾ ಕೂಡ ಶಹಬ್ಬಾಸ್ ಅಂದರು. ಅಂದಿನಿಂದ ಪ್ರತಿ ಕ್ಯಾಂಪಿಗೂ ಮೊದಲು ಹುಣಸೆಹಣ್ಣು, ಆಮೇಲೆ ಬ್ಲೀಚಿಂಗ್. ಸತುವಿನ ಬಕೆಟ್ಟಿನಲ್ಲಿ ಮಜ್ಜಿಗೆ ಇಡಬಾರದೆಂದು ನಮ್ಮವ್ವ ಸಾವಿರ ಸಲ ಬೈದಿದ್ದಳು. ಹುಳಿ ಸತುವನ್ನು ತಿನ್ನುತ್ತದೆ. ಗ್ಯಾರೇಜಿನಲ್ಲಿ ಸತು ಹೋದ ತಗಡು ಏನಾಗುತ್ತದೆಂದು ಹದಿನೈದು ವರ್ಷ ಕಣ್ಣಾರೆ ನೋಡಿದ್ದೆ. ಎರಡೂ ಗೊತ್ತಿದ್ದವನಿಗೆ ಅವೆರಡನ್ನು ಒಟ್ಟಿಗೆ ಇಟ್ಟು ನೋಡಲು ಆಗಲಿಲ್ಲ. ಕಲೆ ಮತ್ತೆ ಮೂಡಿದಷ್ಟೂ ಹುಣಸೆ ಹೆಚ್ಚು ಹಾಕಿದೆ.

ವರ್ಷ ತುಂಬುವ ಹೊತ್ತಿಗೆ ಮತ್ತೆ ಕಮಲಾಪುರ. ಅಲ್ಲಿಗೆಂದು ಬ್ಲೀಚಿಂಗ್ ಎರಡು ಪಟ್ಟು ಹಾಕಿ, ನಸುಕಿನ ಕತ್ತಲಲ್ಲೇ ಜಾಲಿಸಿ ನೀರು ತುಂಬಿದ್ದೆ. ಬೆಳಿಗ್ಗೆ ಸಾಲು ಸೇರುತ್ತಲೇ ಅದೇ ಮುದುಕಿ, ಈ ಸಲ ಅವಳ ಕೈಯಲ್ಲೂ ತಂಬಿಗೆ. ನಾನು ಎಲ್ಲರಿಗೂ ಕೇಳುವಂತೆ ಕರೆದೆ.

"ಆಯಿ, ಬಂದು ನೋಡ್ರಿ. ನಿಮ್ಮ ಮನಿ ಕೊಡಕ್ಕಿಂತ ಚೊಕ್ಕ ಅದ ನನ್ನ ನೀರು!"

ಸ್ಟೀಲ್ ಲೋಟ ಹಿಡಿದು ನಳ ತಿರುಗಿಸಿದೆ. ಕೆಂಪು ನೀರು ಬಂತು. ಪೈಪಿನಲ್ಲಿ ನಿಂತದ್ದಿರಬೇಕೆಂದು ಚೆಲ್ಲಿದೆ. ಎರಡನೆಯ ಲೋಟವೂ ಕೆಂಪು. ಮೂರನೆಯದರಲ್ಲಿ ತುಕ್ಕಿನ ಚಕ್ಕೆ ಬಂತು.

"ನಮ್ಮ ಕಮಲಾಪುರದ ಬಾಳಿಹಣ್ಣು ಕೆಂಪು ಅಂತ ಗೊತ್ತಿತ್ತು" ಎಂದಳು ಮುದುಕಿ. "ನಿನ್ನ ನೀರೂ ಕೆಂಪೇನಪ್ಪಾ?"

ಸಾಲಿಗೆ ಸಾಲೇ ನಕ್ಕಿತು. ಒಬ್ಬ, "ಅವತ್ತೇ ಹೇಳಿದ್ವಿಲ್ಲೇನು!" ಎಂದ. ಅವತ್ತು ಅವರ ಹತ್ತಿರ ಕಾರಣವಿರಲಿಲ್ಲ. ಒಂದು ವರ್ಷ ತಿಕ್ಕಿ ತಿಕ್ಕಿ ಕಾರಣವನ್ನು ನಾನೇ ಮಾಡಿಕೊಟ್ಟಿದ್ದೆ.

ಬಾಯಿಯವರು ಬ್ಯಾಟರಿ ಹಿಡಿದು ಟ್ಯಾಂಕಿನೊಳಗೆ ನೋಡಿದರು.

"ಏನು ಹಚ್ಚಿದ್ದಿ?"

"ಹುಣಸಿಹಣ್ಣು ರೀ."

"ನಾ ಹೇಳಿದ್ನೇನು?"

"ಇಲ್ರಿ."

"ಮತ್ತ್ಯಾಕ ಹಚ್ಚಿದಿ?"

ನಾನು ನಳ ಬಂದ್ ಮಾಡಿ, ಲೋಟದ ಕೆಂಪು ನೀರನ್ನು ಗಾಲಿಯ ಬುಡಕ್ಕೆ ಚೆಲ್ಲಿದೆ. ಬಾಯಿಯವರು ಬೈಯಲಿಲ್ಲ. ಬೈದಿದ್ದರೆ ಏನೋ ಉಳಿದಿದೆ ಅಂದುಕೊಳ್ಳುತ್ತಿದ್ದೆ.

ಟ್ಯಾಂಕನ್ನು ಕಪನೂರಿನಲ್ಲಿ ಕತ್ತರಿಸಿ ತೆಗೆದು, ಪ್ಲಾಸ್ಟಿಕ್ ಟ್ಯಾಂಕು ಕೂಡಿಸಿದರು. ನೀರಿಗೆಂದು ಸ್ಟೇಶನ್ ಬಜಾರದ ಹೋಟೆಲೊಂದರಲ್ಲಿ ನೀರು ತುಂಬುತ್ತಿದ್ದ, ಕೇರಿಯವನಲ್ಲದ ಒಬ್ಬನನ್ನು ತಂದರು. ನನ್ನನ್ನು ತೆಗೆದುಹಾಕಲಿಲ್ಲ. ಗಾಲಿ ತೊಳೆಯುವುದು, ಪೆಟ್ಟಿಗೆ ಹೊರುವುದು, ದಿನಗೂಲಿ. ಖಾಯಂ ಎಂಬ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೊಸಬನಿಗೆ ತಿಳಿ ಹಾಕುವುದನ್ನು, ಪೈಪಿನವರೆಗೆ ಹರಿಸುವುದನ್ನು ನಾನೇ ಹೇಳಿಕೊಟ್ಟೆ. "ಪ್ಲಾಸ್ಟಿಕ್‌ಗ ಏನಾಗ್ತದೋ ಅಣ್ಣಾ, ತುಂಬಿದ್ರ ಮುಗೀತು" ಎಂದ. ಆರು ತಿಂಗಳಲ್ಲಿ ಅವನು ಒಮ್ಮೆಯೂ ಅದನ್ನು ತೊಳೆದದ್ದು ನಾನು ಕಾಣಲಿಲ್ಲ. ಮುಚ್ಚಳ ತೆಗೆದು ನೋಡಿದೆ, ಒಳಗೋಡೆಗೆಲ್ಲ ಹಸಿರು ಪಾಚಿ. ಬಾಯಿಯವರಿಗೆ ಹೇಳಿದೆ. "ನೀ ಗಾಲಿ ನೋಡ್ಕೋ" ಎಂದರು. ಹೊಟ್ಟೆಕಿಚ್ಚಿನ ಮಾತು ಅಂದುಕೊಂಡಿರಬೇಕು.

ಮುಂದಿನ ಸಲ ಕಮಲಾಪುರಕ್ಕೆ ಹೋದಾಗ ಯಾರ ಕೈಯಲ್ಲೂ ತಂಬಿಗೆ ಇರಲಿಲ್ಲ. ಮುದುಕಿ ಗುಳಿಗೆ ನುಂಗಿ, ಲೋಟದ ತುಂಬ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಈಗ ನೋಡು, ನೀರಂದ್ರ ನೀರು" ಎಂದಳು. ನಾನು ಬಿಸಿಲಲ್ಲಿ ಹಿಂದಿನ ಗಾಲಿಯ ಬಳಿ ಕೂತಿದ್ದೆ. ನನ್ನನ್ನು ಕಂಡು ಅವಳಿಗೆ ಪಾಪ ಅನ್ನಿಸಿತು. ಇನ್ನೊಂದು ಲೋಟ ತುಂಬಿಸಿಕೊಂಡು ನನ್ನ ಹತ್ತಿರ ಬಂದಳು.

"ಎಷ್ಟೊತ್ತಿಂದ ಬಿಸಿಲಾಗ ಕುಂತೀಯಪ್ಪಾ. ಒಡ್ಡು, ಕೈ ಒಡ್ಡು."

ಬೊಗಸೆ ಒಡ್ಡಿದೆ. ಲೋಟ ನನ್ನ ಕೈಗೆ ತಾಗದಂತೆ ಮೇಲಿನಿಂದ ಸುರಿದಳು. ಪಾಚಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕುಡಿದೆ.