ಯಗಟಿಯಮ್ಮನ ಕಾಲು ಮತ್ತು ಕೆಂಪಾಗುವ ಹಾಳೆ

ಕೃತಕ ಕಾಲು ಎಂದರೆ ಎಲ್ಲರೂ ಮೊದಲು ನೋಡುವುದು ಪಾದವನ್ನು. ಬೆರಳು ಇದೆಯಾ, ಚಪ್ಪಲಿ ಹಾಕಬಹುದಾ, ಬಣ್ಣ ನಮ್ಮ ಚರ್ಮಕ್ಕೆ ಹೊಂದುತ್ತದಾ ಎಂದು ಕೇಳುತ್ತಾರೆ. ಕಡೂರಿನ ನಮ್ಮ ಎರಡು ಕೋಣೆಯ ವರ್ಕ್‌ಶಾಪಿನಲ್ಲಿ ಪಾದಕ್ಕೆ ಅಂಥ ಮರ್ಯಾದೆಯೇನೂ ಇಲ್ಲ. ಅದು ರಟ್ಟಿನ ಪೆಟ್ಟಿಗೆಯಲ್ಲಿ ತಯಾರಾಗಿ ಬರುತ್ತದೆ. ನನ್ನ ಕೆಲಸವೆಲ್ಲ ಮೇಲಿನ ಬಟ್ಟಲಿನದು. ಮಂಡಿಯ ಕೆಳಗೆ ಉಳಿದ ಕಾಲಿನ ತುಂಡು ಹೋಗಿ ಕೂರುವುದು ಆ ಬಟ್ಟಲಿನಲ್ಲಿ. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು, ಅರದಿಂದ ಉಜ್ಜಿ, ತಿದ್ದಿ, ಮತ್ತೆ ಉಜ್ಜಿ ಮಾಡಬೇಕು. ಮೈಭಾರ ಮಂಡಿಚಿಪ್ಪಿನ ಕೆಳಗೆ ಮತ್ತು ಮೀನಖಂಡದ ಮೇಲೆ ಬಿದ್ದರೆ ಕಾಲು ಗೆದ್ದಿತು. ಮೂಳೆಯ ತುದಿಗೆ ಬಿದ್ದರೆ ಹುಣ್ಣು.

ಎಲ್ಲಿ ಒತ್ತುತ್ತಿದೆ ಎಂದು ಹೇಳಬೇಕಾದವರು ಹಾಕಿಕೊಂಡವರು. ತೊಡಕು ಇರುವುದೇ ಅಲ್ಲಿ. ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುವವರೊಬ್ಬರು ನಾನು ಕೈ ಮುಂದೆ ಚಾಚುವ ಮೊದಲೇ ನೋವು ಎನ್ನುತ್ತಾರೆ. ಅಜ್ಜಂಪುರದ ಈರುಳ್ಳಿ ವ್ಯಾಪಾರಿಯೊಬ್ಬರಿಗೆ ಬಟ್ಟಲಿನಲ್ಲಿ ಎಲ್ಲ ಕಡೆಯೂ ಒತ್ತುತ್ತದೆ, ಕಾಲು ಕಳಚಿಟ್ಟ ಮೇಲೂ ಒತ್ತುತ್ತದೆ. ಇಂಥವರ ಜೊತೆ ಹೇಗೋ ಏಗಬಹುದು, ಹತ್ತು ಮಾತಿನಲ್ಲಿ ಒಂದಾದರೂ ನಿಜ ಇರುತ್ತದೆ. ಯಗಟಿಯಮ್ಮನ ಜೊತೆ ಏಗುವುದು ನನ್ನಿಂದ ಆಗಲಿಲ್ಲ.

ಬಂದವರನ್ನು ಊರಿನ ಹೆಸರಿನಿಂದ ಕರೆಯುವುದು ನಮ್ಮಲ್ಲಿ ರೂಢಿ. ಈಕೆ ಯಗಟಿಯ ಹತ್ತಿರದವರು, ಐವತ್ತು ದಾಟಿದ ಹೆಂಗಸು, ಕುರಿ ಮೇಯಿಸುವವರು. ರಸ್ತೆ ದಾಟುತ್ತಿದ್ದ ಕುರಿಗಳನ್ನು ಆಚೆಗೆ ಅಟ್ಟಲು ಹೋಗಿ ಟೆಂಪೋದ ಚಕ್ರಕ್ಕೆ ಕಾಲು ಕೊಟ್ಟಿದ್ದರು. ಮದುವೆಯಾಗಿ ಬಂದಾಗ ತವರಿನಿಂದ ಹೊಡೆದುಕೊಂಡು ಬಂದ ನಾಲ್ಕು ಕುರಿ ಈಗ ಒಂದು ಹಿಂಡಾಗಿತ್ತು. ಕಾಲು ಹೋದ ಮೇಲೆ ಗಂಡ ಹಿಂಡು ನೋಡಿಕೊಳ್ಳುತ್ತಿದ್ದರು, ಆದರೆ ಅವರಿಗೆ ಕಣ್ಣು ಮಂಜು. ಬೇಲಿಗೆ ನುಗ್ಗಿದ್ದು ಕುರಿಯೋ ಮೇಕೆಯೋ ಗೊತ್ತಾಗುತ್ತಿರಲಿಲ್ಲ. ಹೆಂಡತಿಗೆ ನಡೆಯಲು ಬಂದರೆ ಸರಿ, ಇಲ್ಲವಾದರೆ ಹಿಂಡನ್ನು ಅಜ್ಜಂಪುರದ ಕಡೆ ಇರುವ ಬಾಮೈದನಿಗೆ ಕೊಟ್ಟುಬಿಡುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಇದನ್ನು ಹೇಳಿದವರು ಗಂಡ. ಆಕೆ ಪಕ್ಕದಲ್ಲಿ ಕೂತು, ನನ್ನ ಮೇಜಿನ ಮೇಲೆ ಬಿದ್ದಿದ್ದ ಪ್ಲಾಸ್ಟರಿನ ಪುಡಿಯನ್ನು ಸೆರಗಿನಿಂದ ಒರೆಸುತ್ತಿದ್ದರು.

ಎಷ್ಟು ಸಲ ಕೇಳಿದರೂ ಆಕೆಯ ಉತ್ತರ ಒಂದೇ. ನೋಯುತ್ತಾ? ಇಲ್ಲ. ಇಲ್ಲಿ ಒತ್ತಿದರೆ? ಏನಿಲ್ಲ ಬಿಡವ್ವ. ನಾನು ಬೇಕೆಂದೇ ಗಟ್ಟಿಯಾಗಿ ಅದುಮಿದೆ. ಕಣ್ಣಲ್ಲಿ ನೀರು ಬಂತು. ಕೇಳಿದರೆ ಕಣ್ಣಿಗೆ ಪುಡಿ ಬಿತ್ತು ಎಂದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅರ ಹಿಡಿಯುವವರಿಗೆ ಅದು ಒಳ್ಳೆಯದೇ, ಕೆಲಸ ಬೇಗ ಸಾಗುತ್ತದೆ. ಆದರೆ ಆಕೆಯ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ?

ಆಗ ನನಗೆ ನೆನಪಾದದ್ದು ಆ ಹಾಳೆ. ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದವರೊಬ್ಬರು ನಮ್ಮಲ್ಲಿ ಕಾಲು ಮಾಡಿಸಿಕೊಂಡು ಹೋಗುವಾಗ ಒಂದು ಸುರುಳಿ ಕೊಟ್ಟಿದ್ದರು. ಅವರು ಅದನ್ನು ಯಂತ್ರದ ರೋಲರುಗಳ ನಡುವೆ ಇಟ್ಟು, ಒಂದಕ್ಕೊಂದು ಸಮನಾಗಿ ತಾಗುತ್ತಿವೆಯೇ ಎಂದು ನೋಡುತ್ತಿದ್ದರಂತೆ. ತೆಳ್ಳಗಿನ ಎರಡು ಹಾಳೆ, ಎರಡೂ ಬಿಳಿ. ಒಂದರ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು, ಇನ್ನೊಂದರ ಮೇಲೆ ಬಣ್ಣ ಬರಿಸುವ ಲೇಪ. ಮುಖಕ್ಕೆ ಮುಖ ಸೇರಿಸಿ ಇಟ್ಟರೆ ಒತ್ತಡ ಬಿದ್ದ ಕಡೆ ಗುಳ್ಳೆ ಒಡೆದು ಕೆಂಪಾಗುತ್ತದೆ. ಮೆಲ್ಲಗೆ ಒತ್ತಿದರೆ ತಿಳಿಗುಲಾಬಿ, ಜೋರಾದಷ್ಟೂ ಗಾಢ. ತಾಗದ ಕಡೆ ಬಿಳಿ ಹಾಗೇ ಉಳಿಯುತ್ತದೆ. ಮೊದಲ ಸಲ ಹೆಬ್ಬೆರಳು ಒತ್ತಿ ನೋಡಿದಾಗ ನಾನು ಮಕ್ಕಳ ಹಾಗೆ ಖುಷಿಪಟ್ಟಿದ್ದೆ. ಮೇಜಿನ ಅಂಚು, ಬಾಗಿಲ ಸಂದು, ನನ್ನ ಹಲ್ಲು, ಎಲ್ಲದರ ಗುರುತನ್ನೂ ತೆಗೆದು ಅರ್ಧ ಹಾಳೆ ಹಾಳುಮಾಡಿದ್ದೆ. ಬಾಯಿಲ್ಲದ ವಸ್ತು ಇಷ್ಟು ಸ್ಪಷ್ಟವಾಗಿ ಮಾತಾಡುವುದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಬಟ್ಟಲು ಗುಂಡಗಿರುವುದರಿಂದ ಹಾಳೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಬೆವರು ತಾಗದ ಹಾಗೆ ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಳಗೆ ಅಂಟಿಸಿದೆ. ಕೆಂಪು ಬಂದ ಕಡೆ ಒತ್ತುತ್ತಿದೆ ಎಂದು ಅರ್ಥ, ನೀವು ಬಾಯಿ ಬಿಡದಿದ್ದರೂ ಇದು ಹೇಳುತ್ತದೆ ಎಂದು ಆಕೆಗೆ ವಿವರಿಸಿದೆ. ಆಕೆ ತಲೆಯಾಡಿಸಿ, ಎರಡೂ ಕಡೆ ಇರುವ ಕಂಬಿ ಹಿಡಿದು, ಕೋಣೆಯ ಆ ತುದಿಯಿಂದ ಈ ತುದಿಗೆ ನಡೆದರು. ಪಟ್ಟಿ ಬಿಚ್ಚಿ ನೋಡಿದರೆ ಎಲ್ಲ ಕಡೆಯೂ ತಿಳಿಗುಲಾಬಿ. ಎಲ್ಲೂ ಗಾಢ ಕಲೆಯಿಲ್ಲ. ಅಷ್ಟು ಚೆಂದದ ಹಾಳೆ ನನ್ನ ಕೈಯಲ್ಲಿ ಎಂದೂ ಬಂದಿರಲಿಲ್ಲ. ಅಂದು ಬೆಳಗಿನಿಂದ ಊಟ ಬಿಟ್ಟು ಉಜ್ಜಿದ್ದೆ, ಸಾರ್ಥಕವಾಯಿತು ಎಂದುಕೊಂಡೆ. ಕಾಲು ಹಾಕಿಸಿ ಕಳಿಸಿದೆ.

ಮೂರು ವಾರ ಕಳೆದಿರಬೇಕು, ಗಂಡ ಫೋನ್ ಮಾಡಿದರು. ಕಾಲು ಮೂಲೆಯಲ್ಲಿದೆ, ಮೂಳೆಯ ತುದಿಯಲ್ಲಿ ಬೊಬ್ಬೆ ಬಂದು ಒಡೆದಿದೆ, ಇವಳು ನಿಮಗೆ ಹೇಳಬೇಡಿ ಅಂತಾಳೆ ಎಂದರು. ಈ ತಿಂಗಳು ಕಳೆದರೆ ಬಾಮೈದ ಕುರಿ ಸಾಗಿಸಲು ಟೆಂಪೋ ತರುತ್ತಾನಂತೆ.

ಮಾರನೆಯ ದಿನವೇ ಯಗಟಿ ಬಸ್ಸು ಹತ್ತಿದೆ. ಆಕೆ ಜಗಲಿಯ ಮೇಲೆ ಕಾಲು ಮುಚ್ಚಿಕೊಂಡು ಕೂತಿದ್ದರು. ನಾನು ಗುಲಾಬಿ ಬಣ್ಣದ ಪಟ್ಟಿಗಳನ್ನು ಚೀಲದಿಂದ ತೆಗೆದು ಅವರ ಮುಂದಿಟ್ಟು, ಇದು ಹೇಗೆ ಸಾಧ್ಯ ಎಂದು ಕೇಳಿದೆ. ಮೊದಲು ಗಂಡನ ಕಡೆ ನೋಡಿದರು, ಆಮೇಲೆ ನೆಲ ನೋಡಿದರು. ಅಂದು ಮೈಭಾರವನ್ನೆಲ್ಲ ರಟ್ಟೆಯಲ್ಲಿ ಕಂಬಿಯ ಮೇಲೆ ಹಾಕಿ, ಕಾಲನ್ನು ಸುಮ್ಮನೆ ತಾಗಿಸಿಕೊಂಡು ನಡೆದಿದ್ದರಂತೆ.

"ಬೆಳಗಿಂದ ಹಸಕೊಂಡು ಉಜ್ತಿದ್ರಿ. ನಿಮ್ ಹಾಳೆ ಕೆಂಪಾದ್ರೆ ನಿಮ್ಗೆ ಬೇಜಾರಾಗಾಕಿಲ್ವಾ," ಎಂದರು.

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ತಾವಿಲ್ಲ ಎನ್ನುತ್ತಾರಲ್ಲ, ಅದನ್ನೇ ಆಕೆಗೆ ಹೇಳಿ ಚೆನ್ನಾಗಿ ಬೈದೆ. ಗಂಡನೂ ನನ್ನ ಜೊತೆ ಸೇರಿಕೊಂಡರು. ಆಕೆ ಬೈಸಿಕೊಳ್ಳುತ್ತಲೇ ನನಗೆ ಮಜ್ಜಿಗೆ ತರಲು ಸೊಸೆಗೆ ಸನ್ನೆ ಮಾಡುತ್ತಿದ್ದರು. ಬೊಬ್ಬೆ ಒಡೆದು ಅಷ್ಟು ನೋವಿದ್ದಾಗಲೂ ಎದುರಿಗಿರುವವಳ ಹಸಿವೆಯನ್ನು ಗಮನಿಸುವ ಮನುಷ್ಯರನ್ನು ಬೈಯುವುದು ಸುಲಭವಲ್ಲ. ಬೈಯುತ್ತಾ ಬೈಯುತ್ತಾ ನನಗೆ ಆಕೆಯ ಮೇಲೆ ಪ್ರೀತಿ ಬಂದುಬಿಟ್ಟಿತು.

ಗಾಯ ಮಾಯುವ ತನಕ ಕಾಲು ಮುಟ್ಟಬೇಡಿ ಎಂದು ಹೇಳಿ, ಬಟ್ಟಲನ್ನು ಕಡೂರಿಗೆ ತಂದೆ. ಬಾಮೈದ ಇನ್ನಷ್ಟು ದಿನ ಕಾಯಲು ಒಪ್ಪಿದ. ಗಾಯ ಒಣಗಿದ ಮೇಲೆ ಆಕೆ ಮತ್ತೆ ವರ್ಕ್‌ಶಾಪಿಗೆ ಬಂದರು. ಈ ಸಲ ನಾನು ಬುದ್ಧಿವಂತೆಯಾಗಿದ್ದೆ. ನನಗೆ ತಿಳಿಗುಲಾಬಿ ಬೇಡ, ಹಾಳೆಯಲ್ಲಿ ಕೆಂಪು ಕಂಡರೇ ನನಗೆ ಸಂತೋಷ, ಕೆಂಪು ಕಂಡರೆ ತಾನೆ ತಿದ್ದುವುದಕ್ಕೆ ಆಗುವುದು ಎಂದು ಬಿಡಿಸಿ ಹೇಳಿದೆ. ಆಕೆ ಸರಿ ಎಂದರು. ಕಂಬಿ ಹಿಡಿಯದೆ, ತುಟಿ ಕಚ್ಚಿಕೊಂಡು, ರಾಗಿ ಕಣ ತುಳಿಯುವ ಹಾಗೆ ಧಪ್ ಧಪ್ ಎಂದು ಹೆಜ್ಜೆ ಹಾಕಿದರು. ಪಟ್ಟಿ ಬಿಚ್ಚಿದರೆ ಬುಡದಿಂದ ಮೇಲಿನ ತನಕ ಕುಂಕುಮ ಚೆಲ್ಲಿದ ಹಾಗಿತ್ತು. ಆಕೆ ನನ್ನ ಮುಖವನ್ನೇ ನೋಡುತ್ತಾ, ಸಾಕಾ ಎಂದು ಕೇಳಿದರು.

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಕಬ್ಬಿಣದ ರೋಲರಿಗೆ ದಾಕ್ಷಿಣ್ಯ ಇರುವುದಿಲ್ಲ, ಅದು ತಾಗಿದಷ್ಟೇ ತಾಗುತ್ತದೆ. ಹಾಳೆಯ ತಪ್ಪು ಏನೂ ಇರಲಿಲ್ಲ. ಎರಡು ಸಲವೂ ಅದು ಕಾಲಿಗೆ ಬಿದ್ದ ಭಾರವನ್ನು ಸರಿಯಾಗಿಯೇ ತೋರಿಸಿತ್ತು. ಆದರೆ ಎರಡು ಸಲವೂ ಆಕೆ ನಡೆದದ್ದು ನನಗೋಸ್ಕರ. ಆಕೆ ತನ್ನ ಪಾಡಿಗೆ ತಾನು ನಡೆಯುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ನನ್ನ ಎದುರಿಗೆ ಇರುವ ತನಕ ನೋಡುವಂತೆಯೂ ಇರಲಿಲ್ಲ. ಹಾಗಾದರೆ ಯಾರ ಎದುರಿಗೆ ನಡೆಸಬೇಕು ಎಂದು ಯೋಚಿಸಿದಾಗ ಹೊಳೆದದ್ದು ಕುರಿ. ಕುರಿಗೆ ಯಾರ ಬೇಜಾರೂ ತಿಳಿಯುವುದಿಲ್ಲ, ಅದು ಹೊರಟರೆ ಹೊರಟಿತು.

ಬೊಬ್ಬೆ ಎದ್ದ ಜಾಗ ಗೊತ್ತಿತ್ತಲ್ಲ, ಆ ಅಂದಾಜಿನ ಮೇಲೆ ಬಟ್ಟಲಿನೊಳಗೆ ಮೂಳೆಯ ತುದಿಗೆ ಇನ್ನಷ್ಟು ಜಾಗ ಬಿಡಿಸಿ, ಮಂಡಿಯ ಕೆಳಗೆ ಕೊಂಚ ಏರಿಸಿ, ಮತ್ತೊಮ್ಮೆ ಯಗಟಿಗೆ ಹೋದೆ. ಆ ಭಾನುವಾರ ಟೆಂಪೋ ಬರುವುದಿತ್ತು, ನಾನು ಹೋದದ್ದು ಶುಕ್ರವಾರ. ಈ ಸಲವೂ ಕಾಲು ಕಚ್ಚಿದರೆ ಮತ್ತೆ ಗಾಯ, ಮತ್ತೆ ಜಗಲಿ, ಹಿಂಡು ಅಜ್ಜಂಪುರಕ್ಕೆ. ಮನೆಯಲ್ಲಿ ಆಕೆ ಒಬ್ಬರೇ ಇದ್ದರು. ಗಂಡ ಕಡೂರಿಗೆ ಕಣ್ಣು ತೋರಿಸಲು ಹೋಗಿದ್ದರು, ಸೊಸೆ ಕೂಲಿಗೆ. ಜಗಲಿಯ ಮೇಲೆ ಕೂತು ಬಟ್ಟಲಿನ ಅಂಚನ್ನು ಅರದಿಂದ ಕೊಂಚ ಉಜ್ಜಿ, ಪಟ್ಟಿ ಅಂಟಿಸಿ ಕಾಲು ಹಾಕಿಸಿದೆ. ಹಿಂಡು ಬಿಡಿ, ಕೆರೆ ಏರಿಯ ತನಕ ಅಟ್ಟಿಕೊಂಡು ಹೋಗಿ ವಾಪಸ್ ಬನ್ನಿ, ನಾನು ಇಲ್ಲೇ ಕೂತಿರುತ್ತೇನೆ ಎಂದೆ. ಆಕೆ ರೊಪ್ಪದ ಬಾಗಿಲು ತೆಗೆದರು. ತಿಂಗಳುಗಟ್ಟಲೆ ಮಂಜುಗಣ್ಣಿನ ಯಜಮಾನನ ಹಿಂದೆ ಅಡ್ಡಾದಿಡ್ಡಿ ಮೇದ ಕುರಿಗಳು ಆಕೆಯ ಕೂಗು ಕೇಳಿದ್ದೇ ಬಾಗಿಲಲ್ಲಿ ಇರುಕಿಕೊಂಡು ಹೊರಬಿದ್ದವು.

ಕಾದೆ. ಏರಿಗೆ ಹೋಗಿ ಬರಲು ಎಷ್ಟು ಹೊತ್ತು ಬೇಕು? ಬಿಸಿಲು ಜಗಲಿಯ ಮೆಟ್ಟಿಲಿಗೆ ಬಂತು, ಆಮೇಲೆ ನನ್ನ ಮಡಿಲಿಗೆ ಬಂತು. ಒಂದು ಲೋಟ ನೀರು ಕೊಡಲೂ ಯಾರಿಲ್ಲ. ಮೊದಲು ಸಿಟ್ಟು ಬಂತು. ಇಷ್ಟು ಹೊತ್ತು ಒಳಗಿದ್ದರೆ ಬೆವರು ಇಳಿದು ಹಾಳೆ ಕೆಡುತ್ತದೆ, ಅಷ್ಟೂ ತಿಳಿಯುವುದಿಲ್ಲವೇ ಎಂದುಕೊಂಡೆ. ಆಮೇಲೆ ಸಿಟ್ಟು ಹೋಗಿ ಭಯ ಬಂತು. ಬಿದ್ದಿದ್ದರೆ? ಕಾಲು ಮೂಳೆಗೆ ಕಚ್ಚಿ ಎಲ್ಲೋ ಕೂತುಬಿಟ್ಟಿದ್ದರೆ? ಆಕೆ ಯಾರನ್ನೂ ಕೂಗಿ ಕರೆಯುವ ಪೈಕಿಯಲ್ಲ. ಚೀಲ ಅಲ್ಲೇ ಬಿಟ್ಟು ಏರಿಯ ಕಡೆ ಓಡಿದೆ.

ಏರಿ ಹತ್ತಿ ನೋಡಿದರೆ ಆಚೆ ಕೊಯ್ಲಾದ ರಾಗಿ ಹೊಲಗಳ ದೂರದ ಅಂಚಿನಲ್ಲಿ ಹಿಂಡು ಚದುರಿತ್ತು. ಆಕೆ ಅದರ ಹಿಂದೆ ಇದ್ದರು. ಕೈಕೋಲು ನೆಲಕ್ಕೆ ಊರಿರಲಿಲ್ಲ, ಹೆಗಲ ಮೇಲಿತ್ತು. ಒಂದು ಮರಿ ದಾರಿ ತಪ್ಪಿ ಬದುವಿಗೆ ಹೋಯಿತು. ಆಕೆ ಬೈಯುತ್ತಾ ಕೂಳೆಯ ಮೇಲೆ ದಡದಡ ಹೋಗಿ ಅದನ್ನು ತಿರುಗಿಸಿದರು. ನಾನು ಕೂಗಿದೆ. ಕೇಳಿಸಲಿಲ್ಲ. ಎರಡೂ ಕೈ ಎತ್ತಿ ಬೀಸಿದೆ. ಆಕೆ ಒಮ್ಮೆಯೂ ಈ ಕಡೆ ತಿರುಗಲಿಲ್ಲ.

ಕಡೂರಿನ ಬಸ್ಸಿಗೆ ಹೊತ್ತಾಗಿತ್ತು. ಮನೆಗೆ ಬಂದು ಚೀಲ ತೆಗೆದುಕೊಂಡು, ಬಾಗಿಲು ಎಳೆದು ಚಿಲಕ ಹಾಕಿ ಹೊರಟೆ. ಬಸ್ಸಿನಲ್ಲಿ ಹೊಟ್ಟೆ ಚುರುಗುಟ್ಟುತ್ತಿತ್ತು, ನಗುವೂ ಬರುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ಒಂದೆರಡು ಸಲ ನನ್ನ ಕಡೆ ನೋಡಿದರು.

ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು. ಗಂಡನ ಮೊಬೈಲು, ಆಕೆಯ ದನಿ. ಕುರಿ ಕೂಡಿ ಬಂದು ಕಾಲು ಬಿಚ್ಚಿದ ಮೇಲೆ, ಜಗಲಿಯ ಮೇಲೆ ಅರದ ಪುಡಿ ಕಂಡು ನನ್ನ ನೆನಪಾಯಿತಂತೆ. ನಾನು ಮೊದಲು ಹಾಳೆಯ ವಿಷಯ ಕೇಳಿದೆ. ಗಂಡ ಪಟ್ಟಿಗಳನ್ನು ಬಿಚ್ಚಿ, ದೀಪದ ಹತ್ತಿರ ಹಿಡಿದು, ಕಣ್ಣಿಗೆ ತೀರಾ ಹತ್ತಿರ ತಂದುಕೊಂಡು ಓದಿ ಹೇಳಿದರು. ಮಂಡಿಯ ಕೆಳಗೆ ಕೆಂಪು, ಹಿಂದೆ ಮೀನಖಂಡದ ಕಡೆ ಕೆಂಪು, ತಳದಲ್ಲಿ ಮೂಳೆ ಕೂರುವ ಕಡೆ ಏನೂ ಇಲ್ಲ, ಬಿಳಿ. ಬಾಮೈದನಿಗೆ ಬರಬೇಡ ಎಂದು ಆಗಲೇ ಹೇಳಿಯಾಯಿತು ಎಂದರು. ನನ್ನ ಕಣ್ಣು ತುಂಬಿತು. ಸಂತೋಷಕ್ಕೆ, ಮತ್ತೇನಕ್ಕೂ ಅಲ್ಲ.

ಆಕೆ ಮತ್ತೆ ಫೋನ್ ಇಸಿದುಕೊಂಡರು. ಮನೆಗೆ ಬಂದವಳಿಗೆ ಒಂದು ಲೋಟ ನೀರನ್ನೂ ಕೊಡದೆ ಹೋದೆನಲ್ಲ ಎಂದು ಪೇಚಾಡಿಕೊಂಡರು. ಈಕೆಗೆ ದಾಕ್ಷಿಣ್ಯ ವಾಪಸ್ ಬಂತು ಎಂದುಕೊಂಡು, ಪರವಾಗಿಲ್ಲ ಬಿಡಿ ಎಂದು ನಾನು ಹೇಳುವುದರೊಳಗೆ ಆಕೆಯೇ ಮಾತು ತಡೆದು ಮೆಲ್ಲಗೆ ಹೇಳಿದರು:

"ಕಾಲು ಐತೆ ಅನ್ನೋದೇ ಮರ್ತೋಗಿತ್ತು ಕಣವ್ವ. ಇನ್ನು ನಿಮ್ ನೆಪ್ಪು ಎಲ್ಲಿಂದ ಬರ್ಬೇಕು."