ಲಗಾಮಿಗೆ ಅಪ್ಪನ ಗಂಟು

ನನ್ನ ಬಲಗೈಯ ತೋರುಬೆರಳಿನ ಒಳಮಗ್ಗುಲಲ್ಲಿ ಎರಡು ಜಡ್ಡುಗಳಿವೆ. ಒಂದು ಚರ್ಮದ ಬಾರು ಎಳೆದೆಳೆದು ಆದದ್ದು. ಇನ್ನೊಂದು ಅದಕ್ಕಿಂತ ಹಳೆಯದು, ಹತ್ತಿ ನೂಲಿನದು. ಲಗಾಮು ಹೆಣೆದು ಕುದುರೆ ಪ್ರದರ್ಶನಗಳಲ್ಲಿ ಮಾರುವವಳು ಎಂದು ತಿಳಿದ ಕೂಡಲೇ ನಮ್ಮ ಕಡೆಯವರು ಮೊದಲನೆಯ ಜಡ್ಡು ನೋಡಿ ಮೂಗು ಮುರಿಯುತ್ತಾರೆ. ಎರಡನೆಯದರ ವಿಷಯ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಕೇಳದಿದ್ದರೂ ಈಗ ಹೇಳುತ್ತೇನೆ.

ನಮ್ಮಪ್ಪ ಕಾಶಿಯಲ್ಲಿ ಪುರೋಹಿತರು. ಕರ್ನಾಟಕದಿಂದ ಅಸ್ಥಿ ತರುವವರಿಗೆ, ಪಿಂಡ ಹಾಕಲು ಬರುವವರಿಗೆ ನಮ್ಮ ಮನೆಯೇ ಆಸರೆ. ಘಾಟಿನ ಹಿಂದಿನ ಗಲ್ಲಿಯಲ್ಲಿ ಮೂರು ಅಂತಸ್ತಿನ ಇಕ್ಕಟ್ಟು ಮನೆ; ಒಳಗೆ ಕನ್ನಡ, ಹೊಸಿಲು ದಾಟಿದರೆ ಹಿಂದಿ. ಕರ್ಮಕ್ಕೆ ಕೂರುವ ಪ್ರತಿಯೊಬ್ಬರಿಗೂ ಅಪ್ಪ ಹೊಸ ಜನಿವಾರ ಕೊಡುತ್ತಿದ್ದರು. "ನಮ್ಮನೇಲೇ ಮಾಡಿದ್ದು ಸ್ವಾಮಿ, ಅಂಗಡೀದಲ್ಲ" ಎಂದು ಹೇಳಿಯೇ ಕೊಡುತ್ತಿದ್ದರು. ಮನೆಯದೇ, ಸುಳ್ಳಲ್ಲ. ಮಾಡಿದವಳು ನಾನು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಅಪ್ಪ ಕಲಿಸಲು ಕೂರಿಸಿದ್ದು ಅಣ್ಣನನ್ನು. ಅವನು ನೂಲನ್ನೆಲ್ಲ ಸಿಕ್ಕು ಮಾಡಿಟ್ಟು ಗಾಳಿಪಟ ಹಾರಿಸಲು ಮಾಳಿಗೆಗೆ ಓಡಿದ. ಪಕ್ಕದಲ್ಲಿ ಬತ್ತಿ ಹೊಸೆಯುತ್ತಿದ್ದ ನಾನು ಆ ಸಿಕ್ಕು ಬಿಡಿಸಿ, ಹುರಿ ಮಾಡಿ, ಗಂಟೂ ಹಾಕಿ ತೋರಿಸಿದೆ. ನನಗಾಗ ಹತ್ತು ವರ್ಷ. ಅಪ್ಪ ಗಂಟನ್ನು ಬೆರಳಲ್ಲಿ ಉರುಳಿಸಿ ನೋಡಿದರು. ಎದ್ದು ಹೋಗಿ ಬಾಗಿಲು ಹಾಕಿ ಬಂದು, "ಇನ್ನೊಂದು ಹಾಕು" ಎಂದರು.

ಜನಿವಾರಕ್ಕೆ ಹಾಕುವ ಬ್ರಹ್ಮಗಂಟಿಗೆ ನಮ್ಮ ಮನೆಯಲ್ಲಿ ಒಳಗೆ ಒಂದು ಸುತ್ತು ಹೆಚ್ಚು. ಇಲ್ಲಿಯ ಜನ ಹೊತ್ತು ಹೊತ್ತಿಗೆ ಗಂಗೆಯಲ್ಲಿ ಮುಳುಗುತ್ತಾರೆ, ನೆನೆದ ಗಂಟು ಸಡಿಲವಾಗಬಾರದು ಎಂದು ಅಪ್ಪನ ಅಜ್ಜ ಕಂಡುಕೊಂಡದ್ದಂತೆ. ಕಣ್ಣಿಗೆ ಕಾಣುವುದಿಲ್ಲ. ಬೆರಳಿಟ್ಟರೆ ಸಾಸಿವೆಯಷ್ಟು ಉಬ್ಬು ಸಿಗುತ್ತದೆ. ಅದನ್ನು ನಾವು ಒಳಸುತ್ತು ಎನ್ನುತ್ತಿದ್ದೆವು. ಅಪ್ಪ, ನಾನು, ಇಬ್ಬರಿಗೇ ಬರುತ್ತಿದ್ದದ್ದು.

"ಯಾರ ಹತ್ರಾನೂ ಬಾಯಿ ಬಿಡ್ಬೇಡ್ವೇ. ಹೆಣ್ಮಕ್ಳು ಮಾಡಿದ್ದು ಅಂತ ತಿಳಿದ್ರೆ ಯಾರೂ ಹಾಕ್ಕೊಳಲ್ಲ" ಎಂದಿದ್ದರು ಅಪ್ಪ. ನಾನು ಬಾಯಿ ಬಿಡಲಿಲ್ಲ. ಕಾಶಿಗೆ ಬಂದ ಅದೆಷ್ಟು ಗಂಡಸರ ಹೆಗಲ ಮೇಲೆ ನನ್ನ ಗಂಟು ಊರಿಗೆ ಹೋಗಿದೆಯೋ, ಲೆಕ್ಕವಿಲ್ಲ.

ಮದುವೆಯಾದೆ, ನಾಲ್ಕೇ ವರ್ಷಕ್ಕೆ ವಾಪಸು ಬಂದೆ. ಗಂಡ ಸತ್ತಿಲ್ಲ, ಅಷ್ಟು ಸಾಕು. ಬಂದಾಗ ಅಮ್ಮ ಇರಲಿಲ್ಲ. ಅಡುಗೆಮನೆ ಖಾಲಿ ಬಿದ್ದಿತ್ತು, ಹೊಕ್ಕೆ; ಬಾಗಿಲು ಹಾಕಿಕೊಂಡು ಜನಿವಾರ ಮಾಡುವುದೂ ಮತ್ತೆ ಶುರುವಾಯಿತು. ಅಪ್ಪ ಒಂದು ದಿನ ಸಾರು ಸುರಿದುಕೊಂಡು, "ನಿನ್ನ ಕೈ ಸಾರು ಇಲ್ದಿದ್ರೆ ನಂಗೆ ಊಟ ಇಳಿಯಲ್ಲ ಕಣೇ" ಎಂದರು. ವಾಪಸು ಬಂದ ಮಗಳಿಗೆ ಆ ಮನೆಯಲ್ಲಿದ್ದ ಜಾಗ ಆ ಒಂದು ಮಾತು. ಅದನ್ನು ಹಿಡಿದುಕೊಂಡೇ ನಾನು ಬದುಕಿದ್ದು.

ಗಂಗೆಯ ಸೇತುವೆ ದಾಟಿದರೆ ಸಿಗುವ ಕಾಶಿಯ ರಾಮನಗರದಲ್ಲಿ ಒಂದು ಸಣ್ಣ ಶಾಲೆಯಲ್ಲಿ ಕೆಲಸ ಸಿಕ್ಕಿತು. ಶಾಲೆಯ ದಾರಿಯಲ್ಲಿ ತಗಡಿನ ಶೆಡ್ಡು, ಅದರೊಳಗೆ ಕುದುರೆ ಸಾಮಾನು ಮಾಡುವ ಮುದುಕ. ಊರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿತ್ತು. ಹೊಲಿಗೆಯಲ್ಲಿ ಅವರನ್ನು ಮೀರಿಸುವವರಿಲ್ಲ, ಹೆಣಿಗೆ ಮಾತ್ರ ಅಷ್ಟಕ್ಕಷ್ಟೇ. ಒಂದು ದಿನ ಎಂಟೆಳೆಯ ಲಗಾಮು ಹೆಣೆಯುತ್ತಿದ್ದರು. ನಿಂತು ನೋಡಿದೆ, ತಡೆಯಲಾಗಲಿಲ್ಲ. "ಉಸ್ತಾದ್‌ಜೀ, ನಾಲ್ಕನೇ ಎಳೆ ತಿರುಚಿಕೊಂಡಿದೆ" ಎಂದೆ ಹಿಂದಿಯಲ್ಲಿ. ಅವರು ಕನ್ನಡಕದ ಮೇಲಿಂದ ನೋಡಿ, "ಹಾಗಾದ್ರೆ ನೀನೇ ಮಾಡು ಬೇಟಿ" ಎಂದು ಗೇಲಿ ಮಾಡಿ ಮುಂದಕ್ಕೆ ತಳ್ಳಿದರು. ಚಪ್ಪಲಿ ಬಿಟ್ಟು ಕೂತೆ. ಒಂದು ಮೊಳ ಹೆಣೆದಾಗ ಅವರ ಗೇಲಿ ನಿಂತಿತು.

ಎಮ್ಮೆಯ ಚರ್ಮವನ್ನು ಒದ್ದೆ ಮಾಡಿ, ಸಮನಾದ ಪಟ್ಟಿಗಳಾಗಿ ಸೀಳಿ, ಅಂಚು ಹೆರೆದು, ಕೊಬ್ಬು ತಿಕ್ಕಿ ಮೆದು ಮಾಡಬೇಕು. ಎಳೆಗಳನ್ನು ಒಂದೇ ಬಿಗಿಯಲ್ಲಿ ಎಳೆಯಬೇಕು, ಇಲ್ಲದಿದ್ದರೆ ಲಗಾಮು ಕೈಯಲ್ಲಿ ಸೊಟ್ಟಗಾಗುತ್ತದೆ. ನನಗೆ ಅದು ಹೊಸದೆನಿಸಲೇ ಇಲ್ಲ. ಹೊಸದಿದ್ದದ್ದು ಒಂದೇ, ಬಾಗಿಲು ತೆರೆದಿಟ್ಟು ಮಾಡಬಹುದಾಗಿತ್ತು.

ಶಾಲೆ ಮುಚ್ಚಿತು. ಮನೆಯಲ್ಲಿ ಹೇಳಲಿಲ್ಲ. ಬೆಳಿಗ್ಗೆ ಅದೇ ಆಟೋ ಹತ್ತಿ ಶೆಡ್ಡಿಗೆ ಹೋಗುತ್ತಿದ್ದೆ. ಚರ್ಮದ ಕೆಲಸಕ್ಕೆಂದೇ ಒಂದು ಸೀರೆ ಅಲ್ಲೇ ಇಟ್ಟಿದ್ದೆ. ಮನೆಗೆ ಬಂದ ಕೂಡಲೇ ತಲೆಗೆ ನೀರು ಸುರಿದುಕೊಂಡು ಮಡಿಯುಟ್ಟು ಒಲೆ ಮುಂದೆ ನಿಲ್ಲುತ್ತಿದ್ದೆ. ಸ್ನಾನ ಒಂದು ದಿನವೂ ತಪ್ಪಿಸಿಲ್ಲ.

ಪ್ರದರ್ಶನಗಳಿಗೆ ಕೊಡುವ ಲಗಾಮುಗಳ ತುದಿ ಬಿಚ್ಚಿಕೊಳ್ಳುತ್ತಿತ್ತು. ಕುದುರೆಯ ಬೆವರು ಅಂದರೆ ಸಾಮಾನ್ಯವಲ್ಲ. ನೆನೆದ ಗಂಟು ಹತ್ತು ದಿನಕ್ಕೆ ಜಾರುತ್ತಿತ್ತು. ಉಸ್ತಾದ್ ತಲೆ ಕೆಡಿಸಿಕೊಂಡು ಕೂತಿದ್ದರು. ನನ್ನ ಕೈ ನನ್ನನ್ನು ಕೇಳದೆಯೇ ಬ್ರಹ್ಮಗಂಟು ಹಾಕಿ, ಒಳಸುತ್ತು ಕೊಟ್ಟು ಬಿಗಿಯಿತು. ಹಾಕಿದ ಮೇಲೆ ಬಿಚ್ಚಿಬಿಡಲು ಹೋದೆ, ಸುಳ್ಳು ಹೇಳಲಾರೆ; ಬಿಚ್ಚಲಿಲ್ಲ. ಬಕೆಟ್ಟಿನ ನೀರಿನಲ್ಲಿ ಒಂದು ದಿನ ಮುಳುಗಿಸಿಟ್ಟೆವು. ಕೂದಲೆಳೆಯಷ್ಟೂ ಜಾರಲಿಲ್ಲ. ಆಮೇಲೆ ಪ್ರತಿಯೊಂದಕ್ಕೂ ಅದನ್ನೇ ಹಾಕಿದೆ.

ಶಾಲೆಯ ಮಕ್ಕಳ ಪ್ರವಾಸ ಎಂದು ಮನೆಯಲ್ಲಿ ಬುರುಡೆ ಬಿಟ್ಟು, ಎರಡು ಗೋಣಿ ಸಾಮಾನಿನ ಜೊತೆ ಉಸ್ತಾದರೊಂದಿಗೆ ರೈಲು ಹತ್ತಿ ರಾಜಸ್ಥಾನದ ಕಡೆಯ ಪ್ರದರ್ಶನಕ್ಕೆ ಹೋದೆ. ಮೈದಾನದ ಅಂಚಿನಲ್ಲಿ ಜಮಖಾನೆ ಹಾಸಿ ಲಗಾಮು, ತಲೆಪಟ್ಟಿ, ಎದೆಪಟ್ಟಿ ಹರಡಿದೆವು. ಕೊಳ್ಳಲು ಬಂದವರಿಗೆ ಉಸ್ತಾದ್, "ನನ್ನ ತಮ್ಮನ ಮಗ ಹೆಣೆದದ್ದು" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಜನರ ಮುಂದೆಯೇ, "ನಿಮ್ಮ ತಮ್ಮನಿಗೆ ಮಗನೇ ಇಲ್ಲ! ಹೆಣೆದವಳು ನಾನು, ಇಲ್ಲೇ ಕೂತಿದ್ದೇನೆ" ಎಂದು ಗಂಟಲು ಹರಿಯುವಂತೆ ಕೂಗಿದೆ. ಉಸ್ತಾದ್ ಕಿವಿ ಹಿಡಿದುಕೊಂಡು ತಪ್ಪಾಯಿತು ಎಂದರು. ಆವತ್ತಿನಿಂದ ಅವರೇ ನನ್ನನ್ನು ತೋರಿಸಿ ಮಾರಿದರು. ಅಷ್ಟು ಜೋರು ನನಗೆ ಇತ್ತು ನೋಡಿ. ಆ ಮೈದಾನದಲ್ಲಿ ಇತ್ತು.

ಎರಡನೆಯ ವರ್ಷ ಅದೇ ಮೈದಾನದಲ್ಲಿ ಯಾರೋ ಹಿಂದಿನಿಂದ, "ಎಷ್ಟು ಚೆನ್ನಾಗಿದೆ ನೋಡು" ಎಂದದ್ದು ಕೇಳಿಸಿತು. ಕನ್ನಡ! ಮೈಸೂರಿನ ಕಡೆಯವರೊಬ್ಬರು, ಕುದುರೆ ಸಾಕಿದವರು. ಅಷ್ಟು ದೂರದ ಧೂಳಿನಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ನಾನು ಕರಗಿಹೋದೆ. ಅವರು ಒಂದು ಲಗಾಮು ಕೊಂಡರು. ಮಾತು ಮುಗಿಸುವಾಗ ನನ್ನ ಬಾಯಿಂದ ಏನು ಬಂತು ಗೊತ್ತೇ? "ಕಾಶಿಗೆ ಬಂದ್ರೆ ನಮ್ಮನೆಗೇ ಬನ್ನಿ, ನಮ್ಮಪ್ಪ ಪುರೋಹಿತರು." ಬಂದದ್ದಲ್ಲದೆ, ವಿಳಾಸವನ್ನೂ ಅಣ್ಣನ ಫೋನ್ ನಂಬರನ್ನೂ ಚೀಟಿಯಲ್ಲಿ ಬರೆದುಕೊಟ್ಟೆ. ಪುರೋಹಿತರ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಇದು ಉಸಿರಿನ ಜೊತೆ ಬಂದ ಅಭ್ಯಾಸ. ರೈಲಿನಲ್ಲಿ, ಆಸ್ಪತ್ರೆಯಲ್ಲಿ, ಎಲ್ಲೇ ಕನ್ನಡದವರು ಸಿಕ್ಕಲಿ, ನಮ್ಮನೆಗೆ ಬನ್ನಿ. ನಾನೇ ನನ್ನ ಕೈಯಾರೆ ಬರೆದುಕೊಟ್ಟೆ. ಬುದ್ಧಿಗೇಡಿ.

ಮರುವರ್ಷ ಅವರ ತಾಯಿ ತೀರಿಕೊಂಡರು. ಅಣ್ಣನಿಗೆ ಫೋನ್ ಮಾಡಿ, ಅಸ್ಥಿ ತೆಗೆದುಕೊಂಡು, ಬೆಳಿಗ್ಗೆ ನೇರವಾಗಿ ಘಾಟಿಗೆ ಹೋದರಂತೆ. ನನಗೆ ಗೊತ್ತಿದ್ದದ್ದು ಇಷ್ಟೇ: ಇವತ್ತು ಊಟಕ್ಕೆ ಮೈಸೂರಿನವರು ಒಬ್ಬರು ಹೆಚ್ಚಿಗೆ. ಮಧ್ಯಾಹ್ನ ಎಲೆ ಹಾಕಿದೆ. ಅಪ್ಪ, ಅಣ್ಣ, ಅವರು, ಸಾಲಾಗಿ ಕೂತಿದ್ದರು. ಸಾರಿನ ಪಾತ್ರೆ ಹಿಡಿದು ಬಗ್ಗಿದಾಗ ಅವರು ತಲೆಯೆತ್ತಿದರು.

"ಅರೆ, ನೀವೇ ಅಲ್ವಾ!" ಎಂದರು. ದುಃಖದಲ್ಲೂ ಮುಖ ಅರಳಿತು, ಪಾಪ. "ಬೆಳಿಗ್ಗೆ ಈ ಜನಿವಾರ ಹಾಕ್ಕೊಂಡಾಗಿಂದ ಯೋಚ್ನೆ ಮಾಡ್ತಿದೀನಿ ಶಾಸ್ತ್ರಿಗಳೇ, ಈ ಗಂಟು ಎಲ್ಲೋ ಕೈಗೆ ಸಿಕ್ಕಿದ್ದು ಅಂತ. ನನ್ನ ಕುದುರೆ ಲಗಾಮಿಂದು! ಒಳಗೆ ಹೀಗೇ ಉಬ್ಬು. ನಿಮ್ಮ ಮಗಳ ಕೈ ಬಂಗಾರ!"

ಅಪ್ಪನ ಕೈಯಲ್ಲಿ ಕಲಸಿದ ತುತ್ತು ಹಾಗೇ ನಿಂತಿತು. ವಯಸ್ಸಿಗೆ ಅವರ ಕಣ್ಣು ಆಗಲೇ ಮಂಜಾಗಿತ್ತು. ನಾನು ನಿಂತಿದ್ದ ಕಡೆಗೆ ಅಂದಾಜಿನಲ್ಲಿ ತಿರುಗಿದರು.

"ಯಾವ ಚರ್ಮ?"

"ಎಮ್ಮೇದು."

"ನಮ್ಮ ಗಂಟನ್ನೇ ಹಾಕಿದ್ಯಾ?"

"ಹೂಂ. ನೆನೆದ್ರೂ ಸಡ್ಲ ಆಗಲ್ಲ ಅಂತ."

ತುತ್ತನ್ನು ಎಲೆಯ ಮೇಲಿಟ್ಟು ಎದ್ದರು. ಕರ್ಮದ ದಿನ ಪುರೋಹಿತರು ಅರ್ಧಕ್ಕೆ ಎದ್ದರೆ ಅದಕ್ಕಿಂತ ಅಪಶಕುನ ಬೇರೆ ಬೇಕೇ? ಆ ಮನುಷ್ಯ ತಾನೇನು ತಪ್ಪು ಮಾಡಿದೆನೋ ಎಂದು ಕೈಮುಗಿದು ನಿಂತುಬಿಟ್ಟರು. ಯಾರೂ ಅವರಿಗೆ ಬಿಡಿಸಿ ಹೇಳಲಿಲ್ಲ.

ಅವರು ಹೋದ ಮೇಲೆ ಕೇಳಿದೆ, "ನಾನು ಮಾಡಿದ ಜನಿವಾರಾನ ಇಷ್ಟು ವರ್ಷ ನಿಮ್ಮದು ಅಂತ ಹಂಚಿದ್ರಲ್ಲಪ್ಪಾ, ಅದೇನು?"

"ಅದು ಬೇರೆ" ಎಂದರು.

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಮನೆಯಲ್ಲಿದ್ದ ಜನಿವಾರಗಳನ್ನೆಲ್ಲ ಗಂಗೆಗೆ ಬಿಡಿಸಿದರು. ಅಡುಗೆಗೆ ಬೇರೆಯವರು ಬಂದರು. ನನಗೆ ಮೇಲಿನ ಅಂತಸ್ತಿನಲ್ಲಿ ಒಂದು ಕೋಣೆ, ಒಂದು ಸ್ಟೌ. ಆಮೇಲೆ ಮೂರು ವರ್ಷ ಅಪ್ಪ ನನ್ನ ಕೈಯಿಂದ ಒಂದು ಲೋಟ ನೀರು ಕೂಡ ಮುಟ್ಟಲಿಲ್ಲ. ಅಡುಗೆಯವನ ಸಾರು ಉಪ್ಪುಪ್ಪು ಎಂದು ಊಟ ಬಿಟ್ಟೇಳುವುದು ಮೆಟ್ಟಿಲಿನಿಂದ ನನಗೆ ಕೇಳಿಸುತ್ತಿತ್ತು. ಕೇಳಿ ಸಂತೋಷಪಟ್ಟಿದ್ದೇನೆ. ಮರುಗಳಿಗೆಗೆ ಅತ್ತೂ ಇದ್ದೇನೆ.

ಬಂದವರಿಗೆ ಜನಿವಾರ ಬೇಕಲ್ಲ? ಅಣ್ಣ ಗಲ್ಲಿಯ ಅಂಗಡಿಯಿಂದ ಮೆಷಿನ್ನಿನದು ತಂದು, "ನಮ್ಮನೇಲೇ ಮಾಡಿದ್ದು" ಎಂದು ಕೊಡುತ್ತಿದ್ದ. ಹೇಳುವ ಮಾತು ಹಳೆಯದೇ.

ಮೂರನೆಯ ವರ್ಷ ಶ್ರಾವಣ ಬಂತು, ಜನಿವಾರ ಬದಲಿಸುವ ದಿನ. ಅಪ್ಪ ಹಾಸಿಗೆ ಹಿಡಿದಿದ್ದರು, ಕಣ್ಣು ಪೂರ್ತಿ ಹೋಗಿತ್ತು. ಹಿಂದಿನ ವರ್ಷಗಳಲ್ಲಿ ತಮ್ಮದನ್ನು ತಡವರಿಸಿಯಾದರೂ ತಾವೇ ಮಾಡಿಕೊಂಡಿದ್ದರು, ಈಗ ಆಗುತ್ತಿರಲಿಲ್ಲ. ಅಣ್ಣ ಕೊಟ್ಟದ್ದರ ಗಂಟಿನ ಮೇಲೆ ಬೆರಳಾಡಿಸಿ ನೆಲಕ್ಕೆಸೆದರು. "ಇದು ನಮ್ಮನೇದಲ್ಲ." ಬೇರೆ ಅಂಗಡಿಯದು ತಂದ, ಅದನ್ನೂ ಎಸೆದರು. "ಸಾಯೋ ಕಾಲಕ್ಕೆ ಅಂಗಡೀದು ಹಾಕ್ಕೊಂಡು ಹೋಗ್ಲೇನೋ?" ಎಂದು ಅತ್ತರಂತೆ.

ಅಣ್ಣ ಮೊದಲ ಸಲ ರಾಮನಗರಕ್ಕೆ ಬಂದ. ಶೆಡ್ಡಿನ ಹೊರಗೆ ಕರವಸ್ತ್ರ ಮೂಗಿಗೆ ಹಿಡಿದು ನಿಂತು, "ಒಂದು ಮಾಡ್ಕೊಡೇ. ಯಾರಿಗೂ ಗೊತ್ತಾಗಲ್ಲ" ಎಂದ.

"ಗೊತ್ತಾಗ್ಬೇಕು. ನಾನು ಮಾಡಿದ್ದು ಅಂತ ಹೇಳಿ ಕೊಡೋದಾದ್ರೆ ಮಾಡ್ತೀನಿ. ಇಲ್ಲಾಂದ್ರೆ ನಡಿ."

"ಆಯ್ತು ಮಾರಾಯ್ತಿ, ಹೇಳ್ತೀನಿ."

ಸ್ನಾನ ಮಾಡಲಿಲ್ಲ. ಬೇಕೆಂದೇ ಮಾಡಲಿಲ್ಲ. ಚರ್ಮ ಹೆಣೆಯಲು ಕೂರುವ ಮಣೆಯ ಮೇಲೆ, ಕೊಬ್ಬಿನ ಡಬ್ಬಿಯ ಪಕ್ಕದಲ್ಲಿ, ನಾಲ್ಕು ಬೆರಳಿಗೆ ತೊಂಬತ್ತಾರು ಸುತ್ತು ಸುತ್ತಿ, ಹುರಿ ಮಾಡಿ, ಒಳಸುತ್ತು ಕೊಟ್ಟು ಗಂಟು ಬಿಗಿದೆ. ಅಷ್ಟು ಚೆನ್ನಾಗಿ ಹಿಂದೆಂದೂ ಬಂದಿರಲಿಲ್ಲ.

ಅಣ್ಣನ ಹಿಂದೆಯೇ ಮನೆಗೆ ಹೋಗಿ ಅಪ್ಪನ ಕೋಣೆಯ ಬಾಗಿಲಲ್ಲಿ ನಿಂತೆ. ಅಣ್ಣ ಅದನ್ನು ಅಪ್ಪನ ಕೈಗಿಟ್ಟ. ಬೆರಳು ಗಂಟಿನ ಮೇಲೆ ಹೋಯಿತು, ನಿಂತಿತು, ಇನ್ನೊಮ್ಮೆ ಹೋಯಿತು. ಅಪ್ಪನ ಮುಖದಲ್ಲಿ ನಗು ಬಂತು. ಮೂರು ವರ್ಷದಿಂದ ಆ ನಗು ನಾನು ಕಂಡಿರಲಿಲ್ಲ.

"ಅಂತೂ ಬಂತಲ್ಲೋ ನಿನ್ನ ಕೈಗೆ!"

ಅಣ್ಣ ನನ್ನ ಕಡೆ ನೋಡಿದ. ಆಮೇಲೆ ನೆಲ ನೋಡಿದ. "ಹೂಂ ಅಪ್ಪಾ" ಎಂದ.

ನಾನು ಬಾಯಿ ತೆರೆದೆ. ಮೈದಾನದಲ್ಲಿ ಕೂಗಿದ ಗಂಟಲು ಅದೇ. ಅಷ್ಟರಲ್ಲಿ ಅಪ್ಪ ಮೂಗು ಸಿಂಡರಿಸಿ ಬಾಗಿಲತ್ತ ತಿರುಗಿದರು.

"ಯಾರದು? ಚರ್ಮದ ವಾಸ್ನೆ ಬರ್ತಿದೆ."

"ನಾನಪ್ಪಾ."

"ಆಚೆ ನಿಲ್ಲು. ನಾನು ಮಡೀಲಿದೀನಿ" ಎಂದು, ನಾನು ಮಾಡಿದ ಜನಿವಾರವನ್ನು ಹೆಗಲಿಗೆ ಏರಿಸಿಕೊಂಡರು.

ನಾನು ಆಚೆ ನಿಂತೆ.

ಆಮೇಲೆ ಅವರು ಹದಿನೆಂಟು ದಿನ ಇದ್ದರು. ಮಣಿಕರ್ಣಿಕಾ ಘಾಟಿಗೆ ನಮ್ಮಲ್ಲಿ ಹೆಂಗಸರು ಹೋಗುವುದಿಲ್ಲ. ಚಿತೆಯ ಮೇಲೆ ಇಡುವಾಗಲೂ ಅದೇ ಜನಿವಾರ ಮೈಮೇಲಿತ್ತು ಎಂದು ಅಣ್ಣ ಬಂದು ಹೇಳಿದ, ನನಗೆ ಏನೋ ಕೊಟ್ಟವನ ಹಾಗೆ.

ಲಗಾಮುಗಳಿಗೆ ಒಳಸುತ್ತು ಈಗಲೂ ಹಾಕುತ್ತೇನೆ. ಇದು ಯಾರ ಗಂಟು ಎಂದು ಯಾರಾದರೂ ಕೇಳಿದರೆ ನನ್ನದು ಎನ್ನುತ್ತೇನೆ, ಅಪ್ಪನ ಹೆಸರು ಎತ್ತುವುದಿಲ್ಲ. ಜಮಖಾನೆಯ ಮುಂದೆ ಕನ್ನಡದವರು ಬಂದು ನಿಂತರೆ ಹಿಂದಿಯಲ್ಲೇ ಮಾತಾಡಿ ಕಳಿಸುತ್ತೇನೆ.