ಗಿರಿಯಪ್ಪ ಕಂಡ ನೀಲಿ ಮಂದಿ

ಗಿರಿಯಪ್ಪನ ಉಗುರು ಸದಾ ನೀಲಿ. ಹುಬ್ಬಳ್ಳಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಗಡ್ಡೆಯ ಚೂರುಗಳನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಗೆ ಹಚ್ಚಿ ಬಣ್ಣ ಏರಿಸುವುದು ಅವನ ಕೆಲಸ. ಕಲಿತದ್ದು ಏಳನೆಯ ಇಯತ್ತೆ. ಆದರೆ ವರ್ಷಗಟ್ಟಲೆ ಮೈಕ್ರೋಸ್ಕೋಪಿನಲ್ಲಿ ಇಣುಕಿ ಇಣುಕಿ, ಡಾಕ್ಟರಿಗಿಂತ ಮೊದಲೇ ರೋಗ ಹೇಳುವ ಚಟ ಹತ್ತಿತ್ತು. ವರದಿ ಟೈಪ್ ಮಾಡುತ್ತಿದ್ದ ನಾನೂ "ಅರ್ಧ ಡಾಕ್ಟರು" ಎಂದು ಅವನನ್ನು ಉಬ್ಬಿಸುತ್ತಿದ್ದೆ.

೧೯೬೪ರಲ್ಲಿ ಅವನ ಹೆಂಡತಿ ಶೇವಂತೆವ್ವನ ಎದೆಯಲ್ಲಿ ಗಡ್ಡೆ ಕಾಣಿಸಿತು. ಅದರ ಚೂರನ್ನು ಬೇರೆಯವರಿಗೆ ಮುಟ್ಟಗೊಡದೆ ತಾನೇ ಕೊಯ್ದು ನೋಡಿದ. ಕ್ಯಾನ್ಸರೇ. ಆದರೆ ಸುತ್ತ ಸಣ್ಣ ದುಂಡನೆಯ ನೀಲಿ ಕಣಗಳು ಕಿಕ್ಕಿರಿದಿದ್ದವು. ರೋಗದ ಜೊತೆ ಕಾದಾಡುವ ರಕ್ತಕಣಗಳು. ಹಿಂದಿನ ವರ್ಷ ಬೇರೊಬ್ಬ ಹೆಂಗಸಿನ ಇಂಥದೇ ಪಟ್ಟಿ ನೋಡಿ ಡಾಕ್ಟರು "ಛಲೋ ಲಕ್ಷಣ" ಎಂದಿದ್ದರು. ಆ ಹೆಂಗಸು ಬದುಕಿದಳು. ಆಕೆಗೆ ಆಪರೇಷನ್ನೂ ಆಗಿತ್ತೆಂಬುದನ್ನು ಗಿರಿಯಪ್ಪ ಮರೆತ. ಮರೆಯಬೇಕೆಂದೇ ಮರೆತ.

ಎದೆ ಕೊಯ್ಯುತ್ತಾರೆಂದು ನಡುಗುತ್ತಿದ್ದ ಹೆಂಡತಿಗೆ ಹೇಳಿದ: "ಅಂಜಬ್ಯಾಡ. ನಿನ್ನ ಕಡಿ ಮಂದಿ ಭಾಳ ಬಂದಾರ. ನಾನ ಕಣ್ಣಾರೆ ನೋಡೇನಿ."

ಕೂಡಲೇ ಆಪರೇಷನ್ ಆಗಬೇಕೆಂಬ ವರದಿ ಟೈಪ್ ಮಾಡಿದವನು ನಾನು. ಅವನು ಐದು ತಿಂಗಳು ಮುಂದೂಡಿದ್ದನ್ನು ಬಲ್ಲವನೂ ನಾನೇ. ನೆನೆದರೆ ಅವನ ಮೇಲೆ ಸಿಟ್ಟು ಬರುತ್ತದೆ. ಬಾಯಿ ಮುಚ್ಚಿಕೊಂಡಿದ್ದ ನನ್ನ ಮೇಲೆ ಇನ್ನೂ ಹೆಚ್ಚು.

ಗಡ್ಡೆ ದುಪ್ಪಟ್ಟಾಗಿ, ಕಂಕುಳಲ್ಲೂ ಗಂಟು ಕಟ್ಟಿದ ಮೇಲೆ ಮತ್ತೊಂದು ಚೂರು ತೆಗೆದರು. ನೀಲಿ ಕಣಗಳು ಈ ಸಲವೂ ಹಾಗೇ ನೆರೆದಿದ್ದವು. ಅವುಗಳ ನಡುವೆಯೇ ಕ್ಯಾನ್ಸರು ದಾರಿ ಮಾಡಿಕೊಂಡು ಹೋಗಿತ್ತು.

"ಇಷ್ಟ ಮಂದಿ ಇದ್ದೂ ಯಾಕ್ರಿ ಸರ, ಹೊಡೀವಲ್ವು?" ಗಿರಿಯಪ್ಪ ಕೇಳಿದ.

ಡಾಕ್ಟರು ಮೈಕ್ರೋಸ್ಕೋಪಿನಿಂದ ತಲೆ ಎತ್ತಲಿಲ್ಲ. "ಆ ಗಡ್ಡೀನ ಇವನ್ನ ತಡದು ನಿಲ್ಲಸ್ತೈತೋ ಏನೋ. ಹೆಂಗ ಅಂತ ಯಾರಿಗೂ ಗೊತ್ತಿಲ್ಲ, ಗಿರಿಯಪ್ಪ. ಜಗಳ ನೋಡಾಕ ಕೂಡಿದ ಮಂದಿ ಹಂಗ ನಿಂತಾವ. ಈಗ ಕೊಯ್ದೂ ಉಪಯೋಗಿಲ್ಲ."

ಅಂದು ಅವನು ಗೋಡೆಗೆ ಹಣೆ ಚಚ್ಚಿಕೊಂಡು ಅತ್ತ. ನಾನು ತೋಳು ಹಿಡಿದು ನಿಂತೆ, ಅಷ್ಟೇ.

ಕೊನೆಯ ವಾರ ಶೇವಂತೆವ್ವನಿಗೆ ಮಾತೂ ಭಾರವಾಗಿತ್ತು. ನಾನು ನೋಡಲು ಹೋದ ದಿನ ಗಂಡನ ನೀಲಿ ಬೆರಳು ಹಿಡಿದು ಕೇಳಿದಳು: "ನನ್ನ ಕಡಿ ಮಂದಿ ಇನ್ನೂ ಅದಾರೇನ್ರಿ?"

"ಅದಾರ," ಎಂದ ಗಿರಿಯಪ್ಪ. "ಎಲ್ಲಾರೂ ಅದಾರ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.